ಹೊಸ ಕಾದಂಬರಿಗಳನ್ನು ಕುರಿತು ಒಬ್ಬ ಓದುಗರ ಅಭಿಪ್ರಾಯಗಳು

ಬಾಣಭಟ್ಟನು ತನ್ನ ಕಥಾನಾಯಿಕೆಗೆ ಇಟ್ಟ ಹೆಸರು ಕನ್ನಡದಲ್ಲಿ ಒಂದು ಸಾಹಿತ್ಯಪ್ರಕಾರಕ್ಕೇ ಹೆಸರಾಗಿ ನಿಂತಿರುವುದನ್ನು ವಾಚಕರು ಬಲ್ಲರು. ಆ ಗ್ರಂಥವು ಮುಗಿಯುವ ಮೊದಲೇ ಬಾಣನು ಕಾಲವಶನಾದನು. ಉಳಿದ ಭಾಗವನ್ನು ಅವನ ಮಗನು ಬರೆದು ಪೂರ್ತಿಗೊಳಿಸಿದನು. ಸಂತೆಮರಹಳ್ಳಿಯಲ್ಲಿರುವ ಒಬ್ಬ ಹಿರಿಯ ಓದುಗರು ಈ ಸಂಗತಿಯನ್ನು ಆಗಾಗ ನೆನೆಯುವುದುಂಟು. ಕಾದಂಬರಿಯು ಮೊದಲಿನಿಂದಲೂ ತಂದೆಯ ಕೈಯಿಂದ ಮಗನ ಕೈಗೆ ದಾಟಿಬಂದ ವಸ್ತು. ಆದುದರಿಂದ ಕಿರಿಯರು ಬರೆದುದನ್ನು ಹಿರಿಯರು ಓದದೆ ದೂರುವುದು ನ್ಯಾಯವಲ್ಲವೆಂಬುದು ಅವರ ಮತ. ಪಾಠಶಾಲೆಯಲ್ಲಿ ಕಾವ್ಯ ಅಲಂಕಾರಗಳನ್ನು ವ್ಯಾಸಂಗಮಾಡಿ, ಮುಂದೆ ಮೂವತ್ತು ವರ್ಷ ಮಕ್ಕಳಿಗೆ ಶಬ್ದರೂಪಗಳನ್ನು ಬಾಯಿಪಾಠ ಮಾಡಿಸಿದ ಇವರಿಗೆ ಹೊಸ ಕಾದಂಬರಿಗಳ ಗೀಳು ಹಿಡಿದದ್ದು ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ. ಕಳೆದ ಒಂದು ವರ್ಷದಲ್ಲಿ ಮೈಸೂರಿನಿಂದ ತರಿಸಿಯೂ ಕಡ ತಂದೂ ಓದಿದ ಗ್ರಂಥಗಳು ಹತ್ತು ಹನ್ನೆರಡು ಆಗಬಹುದು.

ಚಾಮರಾಜನಗರದ ದಾರಿಯೂ ಯಳಂದೂರಿನ ದಾರಿಯೂ ಕೂಡುವ ಈ ಊರಿನಲ್ಲಿ ಒಬ್ಬ ಮುದುಕರ ಅಭಿಪ್ರಾಯಕ್ಕೆ ಏನು ಬೆಲೆಯೆಂದು ಕೇಳುವವರು ಇರಬಹುದು. ಅದಕ್ಕೆ ಅವರು ನಗುತ್ತ ಕೊಡುವ ಉತ್ತರವೊಂದಿದೆ. 2004ರ ಚುನಾವಣೆಯಲ್ಲಿ ಸಂತೆಮರಹಳ್ಳಿ ವಿಧಾನಸಭಾ ಕ್ಷೇತ್ರದ ಫಲಿತಾಂಶವು ಒಂದೇ ಒಂದು ಮತದ ಅಂತರದಿಂದ ನಿರ್ಣಯವಾಯಿತಷ್ಟೆ. 2008ರ ಹೊತ್ತಿಗೆ ಆ ಕ್ಷೇತ್ರವೇ ಇಲ್ಲದಂತಾದರೂ ಒಂದು ಮತದ ತೂಕ ಎಷ್ಟೆಂಬುದನ್ನು ಈ ಊರಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ.

ಅವರು ಮೊದಲು ಕೈಗೆತ್ತಿಕೊಂಡುದು ಎಸ್. ಎಲ್. ಭೈರಪ್ಪನವರ ‘ಉತ್ತರಕಾಂಡ’ವನ್ನು. 2025ರಲ್ಲಿ ಭೈರಪ್ಪನವರು ತೀರಿಕೊಂಡ ಸುದ್ದಿ ಬಂದಾಗ, ಸಂತೆಶಿವರದಲ್ಲಿ ಹುಟ್ಟಿದವರ ಪುಸ್ತಕವನ್ನು ಸಂತೆಮರಹಳ್ಳಿಯವರು ಓದದೆ ಇರಬಾರದೆಂದು ಗೆಳೆಯರೊಬ್ಬರು ಹಾಸ್ಯಕ್ಕೆ ಹೇಳಿ ತಂದುಕೊಟ್ಟರಂತೆ. 2017ರಲ್ಲಿ ಹೊರಬಂದ ಈ ಗ್ರಂಥದಲ್ಲಿ ರಾಮಾಯಣದ ಕಥೆಯನ್ನು ಸೀತೆಯಿಂದಲೇ ಹೇಳಿಸಿದೆ. 1979ರ ‘ಪರ್ವ’ದಲ್ಲಿ ಭಾರತದ ಕಥೆಗೆ ಮಾಡಿದಂತೆ ಇಲ್ಲಿಯೂ ವರಶಾಪಗಳನ್ನೂ ಪವಾಡಗಳನ್ನೂ ಕಳೆದು, ಮನುಷ್ಯರ ವ್ಯವಹಾರವನ್ನು ಮಾತ್ರ ಉಳಿಸಿಕೊಂಡಿದೆ. ಇದರಿಂದ ಧರ್ಮಹಾನಿಯಾಯಿತೆಂದು ಕೂಗುವವರ ಪಂಗಡಕ್ಕೆ ನಮ್ಮ ಓದುಗರು ಸೇರಿದವರಲ್ಲ. ಭವಭೂತಿಯೇ ಕಥೆಯ ಕೊನೆಯನ್ನು ತಿರುಗಿಸಿ ಸೀತಾರಾಮರನ್ನು ಕೂಡಿಸಲಿಲ್ಲವೆ? ಕವಿಗೆ ಆ ಸ್ವಾತಂತ್ರ್ಯವುಂಟು. ಇವರ ಆಕ್ಷೇಪ ಇರುವುದು ಬೇರೆ ಕಡೆ. ರಘುವಂಶದ ಹದಿನಾಲ್ಕನೆಯ ಸರ್ಗದಲ್ಲಿ, ಕಾಡಿನಲ್ಲಿ ಬಿಟ್ಟುಹೋಗುವ ಲಕ್ಷ್ಮಣನ ಕೈಯಲ್ಲಿ ಸೀತೆ ಗಂಡನಿಗೆ ಮಾತು ಹೇಳಿ ಕಳುಹಿಸುವಾಗ ಅವನನ್ನು ‘ರಾಜ’ ಎಂದು ಕರೆಯುತ್ತಾಳೆ. ಪತಿಯೆನ್ನುವುದಿಲ್ಲ, ಹೆಸರನ್ನೂ ಎತ್ತುವುದಿಲ್ಲ. ಆ ಒಂದು ಪದದಲ್ಲಿ ಅವಳ ಕೋಪವೂ ಮಾನವೂ ಅಡಗಿವೆ. ‘ಉತ್ತರಕಾಂಡ’ದ ಸೀತೆಯಾದರೋ ತನ್ನ ನ್ಯಾಯವನ್ನು ತಾನೇ ಬಿಡಿಸಿ ಬಿಡಿಸಿ ವಾದಿಸುತ್ತಾಳೆ, ಕೇಳುವವರಿಗೆ ಊಹಿಸಲು ಏನನ್ನೂ ಉಳಿಸುವುದಿಲ್ಲ. ಹಾಗಿದ್ದರೂ ಮಕ್ಕಳನ್ನು ಕಟ್ಟಿಕೊಂಡು ಕಾಡಿನಂಚಿನಲ್ಲಿ ದುಡಿದು ಬದುಕುವ ತಾಯಿಯ ದಿನಚರಿಯನ್ನು ಓದಿದ ಮೇಲೆ, ಪುರಾಣಶ್ರವಣದಲ್ಲಿ ಇಷ್ಟು ಕಾಲ ಕೇಳಿದ ಸೀತೆಗೆ ಹಸಿವು ದಣಿವುಗಳಿದ್ದುವೆಂಬುದು ಮೊದಲ ಸಲ ಮನಸ್ಸಿಗೆ ನಾಟಿತೆಂದು ಅವರು ಒಪ್ಪುತ್ತಾರೆ.

ವಸುಧೇಂದ್ರರ ‘ತೇಜೋ ತುಂಗಭದ್ರಾ’ 2019ರ ಗ್ರಂಥ. ಲಿಸ್ಬನ್ ನಗರದ ತೇಜೋ ನದಿಯ ದಂಡೆ, ವಿಜಯನಗರದ ತುಂಗಭದ್ರೆಯ ದಂಡೆ, ಇವೆರಡರ ನಡುವೆ ಹಡಗಿನ ದಾರಿ. 1506ರಲ್ಲಿ ಲಿಸ್ಬನ್ನಿನಲ್ಲಿ ಯಹೂದ್ಯರ ಕೊಲೆ ನಡೆದುದೂ 1510ರಲ್ಲಿ ಅಲ್ಬುಕರ್ಕನು ಗೋವೆಯನ್ನು ಹಿಡಿದುದೂ ಇಲ್ಲಿಯ ಕಾಲಕ್ಕೆ ಸೇರಿದ ಸಂಗತಿಗಳು. ಕಥೆಯನ್ನು ನಡೆಸುವ ಕೌಶಲ ಅಸಾಧಾರಣವಾದುದು; ರಾತ್ರಿ ಎರಡು ಗಂಟೆಯವರೆಗೆ ದೀಪ ಉರಿಸಿದರೆಂದು ಮನೆಯವರ ದೂರು. ಅಲ್ಲಿಯ ಕ್ರೌರ್ಯವನ್ನೂ ಇಲ್ಲಿಯ ಕ್ರೌರ್ಯವನ್ನೂ ಒಂದೇ ತಕ್ಕಡಿಯಲ್ಲಿ ತೂಗಿರುವುದು, ನಮ್ಮ ಸಹಗಮನವನ್ನೂ ಮುಚ್ಚಿಡದೆ ಎದುರಿಗಿಟ್ಟಿರುವುದು ಪ್ರಶಂಸನೀಯ. ಆದರೆ ಘಟನೆಗಳ ನೂಕುನುಗ್ಗಲಿನಲ್ಲಿ ಪಾತ್ರಗಳಿಗೆ ಕುಳಿತು ಯೋಚಿಸಲು ಬಿಡುವಿಲ್ಲ. ಇಷ್ಟೇ ಅವರ ಅಭಿಪ್ರಾಯ.

ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಆ ಮನೆಯಲ್ಲಿ ಮಾಡಿದ ಗಲಭೆಯನ್ನು ದೊಡ್ಡ ದೊಡ್ಡ ಗ್ರಂಥಗಳು ಮಾಡಲಿಲ್ಲ. 2013ರಲ್ಲಿ ಪ್ರಕಟವಾಗಿ, ಶ್ರೀನಾಥ್ ಪೇರೂರರ ಇಂಗ್ಲಿಷ್ ಅನುವಾದದ ಮೂಲಕ ಹೊರದೇಶಗಳಲ್ಲಿಯೂ ಹೆಸರಾದ ಈ ಕಿರುಕಾದಂಬರಿಯನ್ನು ಒಂದೇ ಮಧ್ಯಾಹ್ನದಲ್ಲಿ ಓದಿ ಮುಗಿಸಬಹುದು. ಶೀರ್ಷಿಕೆಯ ಪದ ಯಾವ ನಿಘಂಟಿನಲ್ಲಿಯೂ ಇಲ್ಲ. ಬಿಡಿಸಲಾರದ ಗಂಟಿಗೆ ಒಂದು ಮನೆಯ ಮಕ್ಕಳು ಇಟ್ಟುಕೊಂಡ ಹೆಸರು. ಇಕ್ಕಟ್ಟಾದ ಮನೆಯಲ್ಲಿ ಇರುವೆಗಳ ಕಾಟ ಸಹಿಸಿಕೊಂಡು ಬಾಳುತ್ತಿದ್ದ ಕುಟುಂಬವೊಂದು ಚಿಕ್ಕಪ್ಪನ ಮಸಾಲೆಪುಡಿಯ ವ್ಯಾಪಾರದಿಂದ ದಿಢೀರನೆ ಸಿರಿವಂತವಾಗುತ್ತದೆ. ಆಮೇಲೆ ಆ ಚಿಕ್ಕಪ್ಪನ ಮರ್ಜಿಯನ್ನು ಕಾಯುವುದೇ ಎಲ್ಲರ ಉದ್ಯೋಗ. ಅವನನ್ನು ಕಾಣಲೆಂದು ಒಬ್ಬ ಹೆಂಗಸು ಅಡಿಗೆ ಮಾಡಿಕೊಂಡು ಬಾಗಿಲಿಗೆ ಬಂದಾಗ, ಮನೆಯ ಹೆಂಗಸರೇ ಅವಳನ್ನು ಬೈದು ಓಡಿಸುತ್ತಾರೆ. ಚಿಕ್ಕಪ್ಪ ಒಳಗಿನಿಂದ ಹೊರಕ್ಕೆ ಬರುವುದೇ ಇಲ್ಲ. ಅದನ್ನು ತಪ್ಪೆನ್ನುವವಳು ಆ ಮನೆಗೆ ಹೊಸದಾಗಿ ಬಂದ ಸೊಸೆ ಅನಿತಾ ಒಬ್ಬಳೇ.

ಇದನ್ನು ಮಾವನವರ ಮೇಜಿನಿಂದ ತೆಗೆದುಕೊಂಡು ಓದಿದ ಸೊಸೆ, ಪುಸ್ತಕವನ್ನು ಹಿಂದಕ್ಕೆ ಇಡುತ್ತ, “ಮಾವ, ಇದರಲ್ಲಿ ಅನಿತಾಳಿಗೆ ಕೊನೆಗೆ ಏನಾಯಿತು ಅಂತ ಯಾಕೆ ಬರೆದಿಲ್ಲ?” ಎಂದು ಕೇಳಿದಳಂತೆ. ಅದು ಧ್ವನಿಯಮ್ಮ, ವಾಚ್ಯವಾಗಿ ಹೇಳಿದರೆ ರಸ ಕೆಡುತ್ತದೆ ಎಂದು ಅವರು ಆನಂದವರ್ಧನನ ಮತವನ್ನು ವಿವರಿಸಲು ತೊಡಗಿದರು. ಆಕೆ ಪೂರ್ತಿ ಕೇಳಿ, “ಧ್ವನಿ ಇರಬಹುದು, ಮಾವ. ಹೇಳುತ್ತಿರುವವನು ಗಂಡ ತಾನೆ? ಅವನಿಗೆ ವಿಚಾರಿಸುವ ಧೈರ್ಯವಿಲ್ಲ. ಅದಕ್ಕೆ ನಮಗೂ ಗೊತ್ತಾಗುವುದಿಲ್ಲ” ಎಂದಳು. ಅಲಂಕಾರಶಾಸ್ತ್ರದ ಪುಸ್ತಕಗಳಲ್ಲಿ ಇದಕ್ಕೆ ಸಮಾಧಾನ ಹುಡುಕಿ ಅವರು ಎರಡು ದಿನ ಕಳೆದರು. ಕಥೆಯಲ್ಲಿ ಮಾತಿಲ್ಲದ ಜಾಗಗಳೆಲ್ಲ ಕವಿಯ ಸಂಯಮದಿಂದ ಹುಟ್ಟಿದವಲ್ಲ, ಕೆಲವು ಹೇಳುವವನ ಹೇಡಿತನದಿಂದ ಹುಟ್ಟಿದವು, ಅದನ್ನು ತೋರಿಸಿದುದೇ ಶಾನಭಾಗರ ಹಿರಿಮೆ ಎಂಬ ಅವರ ಈಗಿನ ಅಭಿಪ್ರಾಯದಲ್ಲಿ ಅರ್ಧಪಾಲು ಸೊಸೆಯದು.

ಇವೆಲ್ಲಕ್ಕಿಂತ ಹೆಚ್ಚು ದಿನ ಅವರನ್ನು ಹಿಡಿದು ನಿಲ್ಲಿಸಿದುದು ದೇವನೂರ ಮಹಾದೇವರ ‘ಕುಸುಮಬಾಲೆ’. 1984ರಲ್ಲಿ ಬಂದು 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ಗ್ರಂಥವನ್ನು ಹೊಸದೆನ್ನಬಹುದೆ ಎಂದು ಕೇಳಿದರೆ, ಓದುವವರಿಗೆ ಇನ್ನೂ ಪಳಗದೆ ಇರುವುದೆಲ್ಲ ಹೊಸದೇ ಎಂದು ಅವರ ಉತ್ತರ. ದೇವನೂರು ನಂಜನಗೂಡು ತಾಲ್ಲೂಕಿನದು. ಸಂತೆಮರಹಳ್ಳಿಗೆ ಹೊರಗಿನ ಊರೇನೂ ಅಲ್ಲ. ಈ ಸೀಮೆಯ ಸಂತೆಯಲ್ಲಿ, ಗದ್ದೆಯ ಬದುವಿನಲ್ಲಿ, ಬಸ್ಸಿನ ಹಿಂದಿನ ಸೀಟಿನಲ್ಲಿ ಕಿವಿಗೆ ಬೀಳುವ ಮಾತೇ ಆ ಪುಸ್ತಕದ ಮಾತು. ಅಂಥ ಪುಸ್ತಕವನ್ನು ಈ ಸೀಮೆಯ ಓದುಬಲ್ಲ ಮನೆಗಳೇ ಅರ್ಥವಾಗದೆಂದು ಕೆಳಗಿಡುವುದು ವಿಚಿತ್ರವಲ್ಲವೆ?

ಭಾನುವಾರ ಸಂಜೆ ಇವರ ಜಗಲಿಯಲ್ಲಿ ಐದಾರು ಜನ ಸೇರಿ ಓದಿದುದನ್ನು ಚರ್ಚಿಸುವ ಪದ್ಧತಿಯಿದೆ. ಅಲ್ಲಿಗೆ ಬರುವ ನಿವೃತ್ತ ಶಿರಸ್ತೇದಾರರೊಬ್ಬರು ಎರಡು ಪುಟ ತಿರುವಿ, “ಇದು ಕನ್ನಡವೇ ಅಲ್ಲ ಸ್ವಾಮಿ, ಓದಿದರೆ ನಾಲಗೆ ಕೆಡುತ್ತದೆ” ಎಂದುಬಿಟ್ಟರು. ಓದುಗರು ಅದಕ್ಕೆ ಗುಣಾಢ್ಯನ ಕಥೆಯಿಂದ ಉತ್ತರ ಕೊಟ್ಟರು. ಗುಣಾಢ್ಯನು ಏಳು ಲಕ್ಷ ಶ್ಲೋಕಗಳ ಬೃಹತ್ಕಥೆಯನ್ನು ಪೈಶಾಚೀ ಭಾಷೆಯಲ್ಲಿ, ಮಸಿಯಿಲ್ಲದೆ ತನ್ನ ರಕ್ತದಿಂದಲೇ ಬರೆದು ಸಾತವಾಹನ ರಾಜನಲ್ಲಿಗೆ ಕಳುಹಿಸಿದನು. ಭಾಷೆ ಹೀನವಾದುದೆಂದು ರಾಜನು ಅದನ್ನು ತಿರಸ್ಕರಿಸಿದನು. ಗುಣಾಢ್ಯನು ಕಾಡಿನಲ್ಲಿ ಬೆಂಕಿ ಹಾಕಿ, ಒಂದೊಂದು ಹಾಳೆಯನ್ನೂ ಓದಿ ಓದಿ ಸುಡುತ್ತಿರಲು ಮೃಗಗಳು ಮೇವು ಬಿಟ್ಟು ಕಣ್ಣೀರು ಸುರಿಸುತ್ತ ನಿಂತುವು. ರಾಜನಿಗೆ ಬುದ್ಧಿ ಬಂದು ಓಡಿಬರುವಷ್ಟರಲ್ಲಿ ಉಳಿದದ್ದು ಒಂದು ಲಕ್ಷ. ಇದು ಸೋಮದೇವನು ಕಥಾಸರಿತ್ಸಾಗರದಲ್ಲಿ ಹೇಳುವ ಸಂಗತಿ. ಲಕ್ಷಣಕಾರನಾದ ದಂಡಿಯೂ ಕಥೆಯೆಂಬುದು ಎಲ್ಲ ಭಾಷೆಗಳಲ್ಲಿಯೂ ಉಂಟೆಂದು ಹೇಳಿ, ಆ ಭೂತಭಾಷೆಯ ಬೃಹತ್ಕಥೆಯನ್ನೇ ಹೆಸರಿಸುತ್ತಾನೆ. ಪ್ರಾಚೀನರು ಒಪ್ಪಿದುದನ್ನು ಪ್ರಾಚೀನರ ಹೆಸರಿನಲ್ಲಿ ನಾವು ತಳ್ಳುವುದು ಹೇಗೆ ಎಂದು ಅವರು ಕೇಳಿದರು. ಶಿರಸ್ತೇದಾರರು, ಗುಣಾಢ್ಯನ ಪುಸ್ತಕ ಸುಟ್ಟುಹೋಯಿತಲ್ಲ, ಅದು ಚೆನ್ನಾಗಿತ್ತೆಂದು ನಿಮಗೆ ಹೇಗೆ ಗೊತ್ತು ಎಂದರು. ಎಲ್ಲರೂ ನಕ್ಕರು.

ವಾದದಿಂದ ಆಗದ ಕೆಲಸ ಓದಿನಿಂದ ಆಯಿತು. ಊರಿನಲ್ಲಿ ಕನ್ನಡ ಕಲಿಸುವ ತರುಣ ಉಪಾಧ್ಯಾಯರೊಬ್ಬರು ಆ ಗೋಷ್ಠಿಗೆ ಬರುತ್ತಾರೆ. ಕೇರಿಯಲ್ಲಿ ಹುಟ್ಟಿ ಬೆಳೆದವರು, ಅವರ ತಾತನವರು ತಂಬೂರಿ ಹಿಡಿದು ಮಂಟೇಸ್ವಾಮಿಯ ಕಥೆ ಹಾಡುತ್ತಿದ್ದ ನೀಲಗಾರರು. ಅವರ ಕೈಗೆ ಪುಸ್ತಕ ಕೊಟ್ಟು ಗಟ್ಟಿಯಾಗಿ ಓದಲು ಹೇಳಿದರು. ಕಣ್ಣಿಗೆ ಮುಳ್ಳಾಗಿದ್ದ ವಾಕ್ಯಗಳು ಕಿವಿಗೆ ಬಂದೊಡನೆ ಎದ್ದು ನಡೆದಾಡಿದುವು. ಊರು ಮಲಗಿದ ಮೇಲೆ ಮನೆಮನೆಯ ದೀಪದ ಜೋತಮ್ಮಂದಿರು ಒಂದೆಡೆ ಕೂಡಿ ತಂತಮ್ಮ ಮನೆಯ ಸುಖದುಃಖ ಹೇಳಿಕೊಳ್ಳುವ ಭಾಗವನ್ನು ಅವರು ಓದಿ, ಕ್ಷಣಕಾಲ ನಿಲ್ಲಿಸಿ, “ಸಾರ್, ಇದು ನಮ್ಮಜ್ಜಿ ಮಾತಾಡ್ದಂಗೇ ಅದ” ಎಂದರು. ಎಲ್. ಬಸವರಾಜು ಅವರಂಥ ವಿದ್ವಾಂಸರು ಈ ಗದ್ಯವನ್ನು ಪದ್ಯದ ಸಾಲುಗಳಾಗಿ ಬಿಡಿಸಿ ಬರೆದುದು ಏತಕ್ಕೆಂಬುದು ಆ ಹೊತ್ತು ಅಲ್ಲಿದ್ದವರಿಗೆ ಗೋಚರವಾಯಿತು. ಚಿಕ್ಕಲ್ಲೂರಿನ ಜಾತ್ರೆಯಲ್ಲಿ ರಾತ್ರಿಯೆಲ್ಲ ಕುಳಿತು ಕೇಳುವ ಕಥೆಯ ನಡೆಯೂ ಈ ಕಾದಂಬರಿಯ ನಡೆಯೂ ಒಂದೇ ಮೂಲದವು. ಬಾಣನ ಕಾಲದಲ್ಲಿ ಗದ್ಯವೇ ಕಾವ್ಯವಾಗಿತ್ತು. ನಡುವೆ ಬೇರೆಯಾದ ಅವೆರಡೂ ದೇವನೂರಿನಲ್ಲಿ ಮತ್ತೆ ಕೂಡಿವೆ ಎನ್ನುವುದು ನಮ್ಮ ಓದುಗರ ಎಣಿಕೆ. ಮಂಚ ಬಾಯಿಬಿಟ್ಟು ಮಾತನಾಡುವುದನ್ನು ಅವರು ಅದ್ಭುತರಸದಲ್ಲಿ ಸೇರಿಸುವುದಿಲ್ಲ. ಮನುಷ್ಯರು ಬಾಯಿ ಮುಚ್ಚಿಕೊಂಡ ಊರಿನಲ್ಲಿ ಮರಮುಟ್ಟಾದರೂ ಸಾಕ್ಷಿ ನುಡಿಯಬೇಕಲ್ಲವೆ ಎನ್ನುತ್ತಾರೆ.

ಏತಕ್ಕೆ ಸಾಕ್ಷಿಯೆಂದರೆ ಚನ್ನನೆಂಬ ಹುಡುಗನ ಕೊಲೆಗೆ. ಮೇಲುಜಾತಿಯ ಮನೆಯ ಕುಸುಮಳೊಡನೆ ಅವನಿಗೆ ಒಲವು ಬೆಳೆದುದೇ ಅವನ ಅಪರಾಧ. ಓದು ಆ ಸಂಗತಿಗೆ ಬಂದಾಗ ಜಗಲಿಯಲ್ಲಿ ಯಾರೂ ಮಾತನಾಡಲಿಲ್ಲ. ಕೊನೆಗೆ ಒಬ್ಬರು, ಇವೆಲ್ಲ ಹಿಂದಿನ ಕಾಲದ ಮಾತು, ಸಂಸಾರಸ್ಥರ ಮನೆಯಲ್ಲಿ ಹೆಣ್ಣುಮಕ್ಕಳ ಕೈಗೆ ಸಿಕ್ಕುವಂತೆ ಇಂಥ ಪುಸ್ತಕ ಇಡಬಾರದೆಂದರು. ತರುಣ ಉಪಾಧ್ಯಾಯರು ತಲೆ ತಗ್ಗಿಸಿಕೊಂಡೇ, ಪುಸ್ತಕ ಬಂದ ಒಂಬತ್ತು ವರ್ಷಕ್ಕೆ, 1993ರಲ್ಲಿ, ಇದೇ ನಂಜನಗೂಡು ತಾಲ್ಲೂಕಿನ ಬದನವಾಳಿನಲ್ಲಿ ದೇವಸ್ಥಾನ ಪ್ರವೇಶದ ವಿಷಯದಿಂದ ಬೆಳೆದ ಹಗೆಯಲ್ಲಿ ಮೂವರು ದಲಿತರ ಕೊಲೆಯಾದುದನ್ನು ನೆನಪಿಸಿದರು. ಅದು ಯಾವ ಕಾದಂಬರಿಯನ್ನೂ ಓದಿ ನಡೆದುದಲ್ಲ. ಓದುಗರು ತಮ್ಮ ಪಾಲಿಗೆ ಹೇಳಿದುದು ಇಷ್ಟೆ: ಪುಸ್ತಕ ಮನೆಯೊಳಗೇ ಇರುತ್ತದೆ, ಮೊಮ್ಮಗಳು ಅದನ್ನು ಆಗಲೇ ಓದಿದ್ದಾಳೆ.

ಹೀಗೆಂದು ಆ ಗ್ರಂಥದಲ್ಲಿ ದೋಷವೇ ಇಲ್ಲವೆಂದು ಅವರು ಸಾಧಿಸಹೊರಟಿಲ್ಲ. ಪಾತ್ರಗಳು ಯಾರಿಗೆ ಏನಾಗಬೇಕೆಂಬುದನ್ನು ಹಿಡಿಯಲು ಎರಡು ಸಲ ಓದಬೇಕು. ಹೊರ ಜಿಲ್ಲೆಯವರಿಗೆ ಮೂರು ಸಲವಾದೀತು. ಬಳ್ಳಾರಿ ಧಾರವಾಡಗಳ ಕಡೆಯ ವಾಚಕರಿಗೆ ಹಿಂಭಾಗದಲ್ಲಿ ಪದಕೋಶವನ್ನಿಟ್ಟರೆ ತಪ್ಪೇನೆಂದು ಅವರು ಕೇಳುತ್ತಾರೆ. ತರುಣ ಉಪಾಧ್ಯಾಯರಿಗೆ ಇದು ಸಮ್ಮತವಿಲ್ಲ. ಮೈಸೂರಿನ ಪುಸ್ತಕಗಳಿಗೆ ಕೇರಿಯ ಮಕ್ಕಳಿಗಾಗಿ ಯಾರು ಪದಕೋಶ ಕಟ್ಟಿಕೊಟ್ಟರು, ನಾವು ಹಾಗೆಯೇ ಕಲಿಯಲಿಲ್ಲವೆ ಎಂಬ ಅವರ ಪ್ರಶ್ನೆಗೆ ಇನ್ನೂ ಉತ್ತರ ದೊರೆತಿಲ್ಲ.

ಮುಂದಿನ ಭಾನುವಾರ ಮಳೆ ಹಿಡಿದುದರಿಂದ ಗೋಷ್ಠಿಯು ಜಗಲಿಯಿಂದ ನಡುಮನೆಗೆ ಬಂದಿತು. ಅಷ್ಟು ಕಾಲ ಜಗಲಿಯ ಅಂಚಿನಲ್ಲಿ ಕೂರುತ್ತಿದ್ದ ಉಪಾಧ್ಯಾಯರು ಹೊಸ್ತಿಲ ಬಳಿ ಸ್ವಲ್ಪ ತಡೆದು ನಿಂತರು. ಒಳಗಿನಿಂದ ಮನೆಯ ಯಜಮಾನಿತಿಯೇ, “ಬನ್ನಿ ಮೇಷ್ಟ್ರೆ, ಇರಚಲು ಹೊಡೆಯುತ್ತೆ” ಎಂದು ಕರೆದರು. ಎಲ್ಲರಿಗೂ ಒಂದೇ ತಟ್ಟೆಯಲ್ಲಿ ಕಾಫಿಯ ಲೋಟಗಳು ಬಂದುವು. ಆ ದಿನ ಉಳಿದ ಪುಟಗಳ ಓದು ಮುಗಿಯಿತು. ಶಿರಸ್ತೇದಾರರು ಆಮೇಲೆ ಎರಡು ವಾರ ಬರಲಿಲ್ಲ. ಮಂಡಿನೋವೆಂದು ಹೇಳಿ ಕಳುಹಿಸಿದರು. ಮೂರನೆಯ ವಾರ ಬಂದು, ಗುಣಾಢ್ಯನ ಕಥೆ ಯಾವ ಲಂಬಕದಲ್ಲಿ ಬರುತ್ತದೆಂದು ಮಾತ್ರ ಕೇಳಿ, ಕಥಾಪೀಠ ಲಂಬಕವೆಂದು ತಿಳಿದುಕೊಂಡು ಹೋದರು.

ಈಗ ಅವರ ಮೇಜಿನ ಮೇಲಿರುವುದು ಶಾನಭಾಗರ ‘ಸಕೀನಾಳ ಮುತ್ತು’, 2021ರದು. ನಲವತ್ತು ಪುಟವಾಗಿದೆ. ಸೊಸೆ ಇದನ್ನು ಮೊದಲೇ ಓದಿ ಮುಗಿಸಿದ್ದಾಳೆ. ಮಾವನವರು ಮುಗಿಸುವವರೆಗೆ ತನ್ನ ಅಭಿಪ್ರಾಯವನ್ನು ಹೇಳುವುದಿಲ್ಲವೆಂದಿದ್ದಾಳೆ.