ನಿಂತುಹೋದ ಅಂಕ

ವಿದ್ಯಾರ್ಥಿಯನ್ನು ಸೋಲಿಗಿಂತಲೂ ಹೆಚ್ಚು ಕಂಗೆಡಿಸುವ ಸ್ಥಿತಿಯೊಂದುಂಟು. ಮುಂದಕ್ಕೂ ಸಾಗದೆ, ಹಿಂದಕ್ಕೂ ಸರಿಯದೆ ಒಂದೇ ಎಡೆಯಲ್ಲಿ ನಿಂತುಬಿಡುವುದೇ ಅದು. ಸೋತವನಿಗೆ ತಾನು ಸೋತೆನೆಂಬುದಾದರೂ ಸ್ಪಷ್ಟ; ನಿಂತವನಿಗೆ ತಾನು ಪಟ್ಟ ಶ್ರಮವೆಲ್ಲ ಎಲ್ಲಿ ಹೋಯಿತೆಂಬುದೇ ತಿಳಿಯದು. ನನ್ನ ತಂಗಿಯ ಮಗಳು 2024ರ ಮಳೆಗಾಲದಲ್ಲಿ ಈ ಸ್ಥಿತಿಯಲ್ಲಿದ್ದಳು. ಆಕೆಯೊಡನೆ ಕುಳಿತು ಕಂಡುಕೊಂಡ ಕೆಲವು ಸಂಗತಿಗಳು ಇಂತಹ ಮಕ್ಕಳಿರುವ ಮನೆಗಳಿಗೆ ಉಪಯೋಗವಾದಾವೆಂದು ಇಲ್ಲಿ ಬರೆಯುತ್ತಿದ್ದೇನೆ.

ಆಕೆ ಬೆಂಗಳೂರಿನ ಒಂದು ಕಂಪನಿಯಲ್ಲಿ ಉದ್ಯೋಗಿಯಾಗಿದ್ದು, ಭಾರತೀಯ ನಿರ್ವಹಣಾ ಸಂಸ್ಥೆಗಳ ಪ್ರವೇಶಕ್ಕಾಗಿ ನಡೆಯುವ ಕ್ಯಾಟ್ ಪರೀಕ್ಷೆಗೆ ಎರಡನೆಯ ಬಾರಿ ಸಿದ್ಧಳಾಗುತ್ತಿದ್ದಳು. ಹಿಂದಿನ ವರ್ಷ ಆಕೆಗೆ ದೊರೆತದ್ದು 86 ಪರ್ಸೆಂಟೈಲ್. ಅಂದರೆ ನೂರಕ್ಕೆ 86 ಅಂಕವೆಂದಲ್ಲ; ಪರೀಕ್ಷೆ ಬರೆದವರಲ್ಲಿ ಶೇಕಡ 86ರಷ್ಟು ಮಂದಿ ಆಕೆಯ ಹಿಂದಿದ್ದರೆಂದು ಅರ್ಥ. ಈ ಬಾರಿ ಏಳು ಅಣಕು ಪರೀಕ್ಷೆಗಳನ್ನು ಬರೆದರೂ ಒಟ್ಟು ಅಂಕ 48ರಿಂದ 52ರೊಳಗೇ ಸುತ್ತುತ್ತಿತ್ತು. ಸೆಪ್ಟೆಂಬರಿನಲ್ಲಿ ಆಕೆ ಉದ್ಯೋಗಕ್ಕೆ ರಾಜೀನಾಮೆಯಿತ್ತು ಹಗಲಿರುಳು ಓದುವುದೆಂದು ನಿರ್ಧರಿಸಿದಳು. ತಮ್ಮನ ಕಾಲೇಜಿನ ಶುಲ್ಕ ಅವಳ ಸಂಬಳದಿಂದಲೇ ಸಲ್ಲುತ್ತಿದ್ದುದರಿಂದ ಮನೆಯಲ್ಲಿ ಕಳವಳ ಹುಟ್ಟಿತು. ಬ್ಯಾಂಕಿನಲ್ಲಿ ಲೆಕ್ಕ ತಾಳೆ ನೋಡುತ್ತಲೇ ನಿವೃತ್ತನಾದ ನಾನು ಕೇಳಿದ್ದು ಇಷ್ಟೇ: "ನಾಲ್ಕು ವಾರ ತಡೆ. ಅಂಕ ಎಲ್ಲಿ ಸೋರುತ್ತಿದೆಯೆಂದು ಮೊದಲು ನೋಡೋಣ."

ಕ್ಯಾಟ್ ಪರೀಕ್ಷೆಯಲ್ಲಿ ಮೂರು ಭಾಗಗಳು: ಭಾಷೆ ಮತ್ತು ವಾಚನ, ದತ್ತಾಂಶ ಮತ್ತು ತರ್ಕ, ಗಣಿತ. ಪ್ರತಿಯೊಂದಕ್ಕೂ 40 ನಿಮಿಷ. ಮುಗಿದ ಭಾಗಕ್ಕೆ ಮರಳುವಂತಿಲ್ಲ. ಸರಿಯುತ್ತರಕ್ಕೆ 3 ಅಂಕ. ಆಯ್ಕೆಯ ಪ್ರಶ್ನೆ ತಪ್ಪಾದರೆ 1 ಅಂಕ ಕಳೆಯುತ್ತದೆ. ಉತ್ತರವನ್ನು ತಾವೇ ನಮೂದಿಸಬೇಕಾದ ಪ್ರಶ್ನೆಗಳಿಗೆ ಈ ಕಡಿತವಿಲ್ಲ.

ಆಕೆಯ ಒಂದು ಅಣಕು ಪರೀಕ್ಷೆಯ ಗಣಿತಭಾಗವನ್ನು ಬಿಡಿಸಿ ನೋಡಿದೆವು. ಇದ್ದ 22 ಪ್ರಶ್ನೆಗಳಲ್ಲಿ 16ಕ್ಕೆ ಉತ್ತರಿಸಿದ್ದಳು. 9 ಸರಿ, 7 ತಪ್ಪು. ತಪ್ಪಾದವೆಲ್ಲ ಆಯ್ಕೆಯ ಪ್ರಶ್ನೆಗಳೇ ಆಗಿದ್ದುದರಿಂದ 27ರಲ್ಲಿ 7 ಕಳೆದು 20 ಅಂಕ ಬಂದಿತ್ತು. ಪ್ರತಿಯೊಂದು ಉತ್ತರದ ಮುಂದೆಯೂ ಅದು ಹೇಗೆ ಬಂದಿತೆಂದು ಪ್ರಾಮಾಣಿಕವಾಗಿ ಬರೆಯಲು ಹೇಳಿದೆ. ಸರಿಯಾದ ಒಂಬತ್ತರಲ್ಲಿ ಎರಡು ಬರಿಯ ಊಹೆಗಳು. "ಮಾವ, ಊಹಿಸಿ ಸರಿಯಾದದ್ದೂ ನನ್ನ ಅಂಕವೇ ತಾನೆ?" ಎಂದಳು. "ಅಂಕಪಟ್ಟಿಯಲ್ಲಿ ನಿನ್ನದೇ ಕಣಮ್ಮ. ಈ ಪುಸ್ತಕದಲ್ಲಿ ಮಾತ್ರ ಅಲ್ಲ" ಎಂದೆ. ತಪ್ಪಾದ ಏಳರಲ್ಲಿ ನಾಲ್ಕು ಊಹೆಗಳು. ಉಳಿದ ಮೂರು, ವಿಧಾನ ತಿಳಿದಿದ್ದೂ ಅವಸರದಲ್ಲಿ ಕೆಟ್ಟವು. ಮುಟ್ಟದೆ ಬಿಟ್ಟ ಆರರಲ್ಲಿ ಮೂರನ್ನು ಮರುದಿನ ಯಾರ ನೆರವೂ ಇಲ್ಲದೆ ಬಿಡಿಸಿದಳು.

ಲೆಕ್ಕವೀಗ ತಾನೇ ಮಾತನಾಡತೊಡಗಿತು. ಆರು ಊಹೆಗಳಿಂದ ಗಳಿಸಿದ್ದು 6, ಕಳೆದದ್ದು 4. ಉಳಿದದ್ದು ಎರಡೇ ಅಂಕ. ಇದು ಅಚ್ಚರಿಯೇನಲ್ಲ. ನಾಲ್ಕು ಆಯ್ಕೆಗಳಲ್ಲಿ ಕಣ್ಣುಮುಚ್ಚಿ ಒಂದನ್ನು ಆರಿಸಿದರೆ ಸರಾಸರಿ ಲಾಭ ಸೊನ್ನೆ. ಒಂದು ಆಯ್ಕೆಯನ್ನಾದರೂ ಖಚಿತವಾಗಿ ತಳ್ಳಿಹಾಕಬಲ್ಲವನಿಗೆ ಮಾತ್ರ ಊಹೆ ಅಲ್ಪ ಲಾಭ ತಂದೀತು. ಅವಸರದ ಮೂರು ತಪ್ಪುಗಳಾದರೋ ತಲಾ 4ರಂತೆ 12 ಅಂಕಗಳನ್ನು ನುಂಗಿದ್ದವು; ಬರಬೇಕಾದ ಮೂರು ಬಾರದೆ, ಇದ್ದುದರಲ್ಲಿ ಒಂದು ಹೋಗುತ್ತಿತ್ತು. ಬಿಟ್ಟುಹೋದ ಸುಲಭ ಪ್ರಶ್ನೆಗಳ ಬೆಲೆ 9. ಹೊಸದಾಗಿ ಒಂದು ಅಧ್ಯಾಯವನ್ನೂ ಓದದೆ 20ರ ಎಡೆಯಲ್ಲಿ 41 ಬರಬಹುದಾಗಿತ್ತು. ಕೊರತೆ ಓದಿನ ಗಂಟೆಗಳದ್ದಾಗಿರಲಿಲ್ಲವೆಂಬುದು ಆಕೆಗೇ ಮನವರಿಕೆಯಾಯಿತು.

ಅಂದಿನಿಂದ ವಾರಕ್ಕೆ ಎರಡರ ಬದಲು ಒಂದೇ ಅಣಕು ಪರೀಕ್ಷೆ; ಉಳಿದ ದಿನಗಳು ಅದರ ಪರಿಶೀಲನೆಗೆ. ಅಚ್ಚಾದ ಉತ್ತರವನ್ನು ಓದಿ "ಇದು ನನಗೆ ಗೊತ್ತಿತ್ತು" ಎಂದುಕೊಳ್ಳುವುದು ಎಲ್ಲರಿಗೂ ಸಹಜವಾದ ಆತ್ಮವಂಚನೆ. ಆದುದರಿಂದ, ಮೂರು ದಿನ ಬಿಟ್ಟು, ಪುಸ್ತಕ ಮುಚ್ಚಿ, ಅದೇ ಪ್ರಶ್ನೆಯನ್ನು ಬಿಡಿಸಿದ ಮೇಲೆಯೇ 'ತಿಳಿದಿದೆ' ಎಂದು ಬರೆಯತಕ್ಕದ್ದೆಂಬ ನಿಯಮ ಮಾಡಿಕೊಂಡಳು. ತರ್ಕಭಾಗದಲ್ಲಿ ಮೊದಲ ಐದು ನಿಮಿಷ ಎಲ್ಲ ಗುಚ್ಛಗಳನ್ನೂ ಓದಿ, ಬಿಡಿಸಬಲ್ಲ ಮೂರನ್ನು ಆರಿಸಿಕೊಳ್ಳುವುದು ರೂಢಿಯಾಯಿತು. ಹಠದಿಂದ ಒಂದಕ್ಕೇ ಅಂಟಿಕೊಂಡು ಹದಿನೈದು ನಿಮಿಷ ಕಳೆಯುವುದಕ್ಕಿಂತ, ಆಗದೆಂದು ತಿಳಿದೊಡನೆ ಬಿಟ್ಟೇಳುವುದು ಲೇಸು. ಬಿಡುವುದೂ ಅಭ್ಯಾಸದಿಂದಲೇ ಬರತಕ್ಕ ವಿದ್ಯೆ.

ಮೊದಲ ಎರಡು ವಾರ ಅಂಕ ಕದಲಲಿಲ್ಲ. ಒಮ್ಮೆ ಇಳಿಯಿತು ಕೂಡ. ಮೂರನೆಯ ವಾರ 57, ಅನಂತರ 63. ರಾಜೀನಾಮೆಯ ಮಾತು ಹಿಂದೆ ಸರಿಯಿತು. ಅದಕ್ಕೆ ಇನ್ನೊಂದು ಕಾರಣವೂ ಇತ್ತು. 1973ರಲ್ಲಿ ಆರಂಭವಾದ ನಮ್ಮ ಬೆಂಗಳೂರಿನ ಸಂಸ್ಥೆಯೂ ಸೇರಿದಂತೆ ಇಂತಹ ಹಲವು ಸಂಸ್ಥೆಗಳು ಕ್ಯಾಟ್ ಅಂಕವೊಂದನ್ನೇ ನೋಡುವುದಿಲ್ಲ. ಹಿಂದಿನ ಪರೀಕ್ಷೆಗಳ ಅಂಕ, ಉದ್ಯೋಗಾನುಭವ, ಸಂದರ್ಶನಗಳನ್ನೂ ಗಣನೆಗೆ ತೆಗೆದುಕೊಳ್ಳುತ್ತವೆ. ಪರೀಕ್ಷೆಗಾಗಿ ಉದ್ಯೋಗ ಬಿಡುವವರು ಇದನ್ನು ಮರೆಯಬಾರದು.

2024ರ ನವೆಂಬರ್ 24ರಂದು ಸುಮಾರು 2.93 ಲಕ್ಷ ಮಂದಿ ಬರೆದ ಪರೀಕ್ಷೆಯಲ್ಲಿ ಆಕೆಗೆ 94 ಪರ್ಸೆಂಟೈಲ್ ಬಂತು. ಆಸೆಪಟ್ಟಿದ್ದ ಹಳೆಯ ಸಂಸ್ಥೆಗಳಿಂದ ಕರೆ ಬರಲಿಲ್ಲ. ಬೇರೊಂದು ಸಂಸ್ಥೆಯಲ್ಲಿ ಸೀಟು ದೊರೆಯಿತು. ಇದನ್ನು ಗೆಲುವೆನ್ನಬೇಕೋ ಕೊರತೆಯೆನ್ನಬೇಕೋ ಎಂದು ಬಂಧುಗಳಲ್ಲಿ ಚರ್ಚೆ ನಡೆದಾಗ ಆಕೆ ನಕ್ಕು ಸುಮ್ಮನಾದಳು. ಏಳು ಬಾರಿ ಅದೇ ಅಂಕ ಕಂಡಾಗ 'ನಾನೇ ಇಷ್ಟು' ಎಂದು ಕುಗ್ಗಿದ್ದ ಹುಡುಗಿಗೆ, ಅಂಕವು ತನ್ನ ಬೆಲೆಯಲ್ಲ, ತನ್ನ ಕೆಲಸದ ಲೆಕ್ಕ ಮಾತ್ರ ಎಂಬ ತಿಳಿವು ಬಂದಿತ್ತು. ಬೆಲೆ ಎಂದುಕೊಂಡರೆ ಮನಸ್ಸು ಅದನ್ನು ಮುಚ್ಚಿಡಲು ನೋಡುತ್ತದೆ. ಲೆಕ್ಕವೆಂದುಕೊಂಡರೆ ತೆರೆದು ನೋಡುವ ಧೈರ್ಯ ಬರುತ್ತದೆ. ತೆರೆದು ನೋಡಿದ ಲೆಕ್ಕವನ್ನಷ್ಟೇ ತಿದ್ದಲು ಸಾಧ್ಯ.