ಕಾರ್ಡಿನ ಮೇಲಿನ ತಾರೀಖು

ಮನೆಗೆ ಯಾರಾದರೂ ಬಂದರೆ ಕಾಫಿ ಬರುವುದರೊಳಗೆ ನನ್ನ ಕ್ಯೂಎಸ್‌ಎಲ್ ಕಾರ್ಡುಗಳನ್ನು ತೋರಿಸಿಬಿಡುತ್ತೇನೆ. ಬ್ರೆಜಿಲ್, ಫಿನ್‌ಲ್ಯಾಂಡ್, ಜಪಾನ್, ಕೆನಡಾ. ದೂರದ ಹ್ಯಾಮ್‌ಗಳು, ಎಂದರೆ ಹವ್ಯಾಸಿ ರೇಡಿಯೊದವರು, ನನ್ನೊಂದಿಗೆ ಮಾತಾಡಿದ್ದಕ್ಕೆ ಸಾಕ್ಷಿಯಾಗಿ ಕಳಿಸಿದವು. "ತಾರಸಿ ಮೇಲೆ ಒಂದು ತಂತಿ, ನೂರು ವ್ಯಾಟ್‌ನ ರೇಡಿಯೊ ರಿಗ್, ಅಷ್ಟೇ" ಎಂದು ಮೆತ್ತಗೆ ಸೇರಿಸುತ್ತೇನೆ. ಆ ವಿನಯದ ಹಿಂದೆ ಲೆಕ್ಕಾಚಾರವಿದೆ. ಸಲಕರಣೆ ಸಣ್ಣದು ಎಂದಷ್ಟೂ ಕೈಚಳಕ ದೊಡ್ಡದು ಎಂದು ಕೇಳುವವರು ತಾವಾಗಿಯೇ ತೀರ್ಮಾನಿಸಿಕೊಳ್ಳುತ್ತಾರೆ. ಕಾರ್ಡಿನ ಮೇಲಿರುವ ತಾರೀಖನ್ನು ಯಾರೂ ಓದುವುದಿಲ್ಲ. ನಾನೂ ಓದಿ ಹೇಳುವುದಿಲ್ಲ.

ಓದಿದರೆ ಗುಟ್ಟು ರಟ್ಟಾಗುತ್ತದೆ. ದೂರದ ಕಾರ್ಡುಗಳಲ್ಲಿ ಒಂದು ಗುಂಪು 2000ದಿಂದ 2002ರವರೆಗಿನದು. ಇನ್ನೊಂದು 2013, 2014ರದು. ಮೂರನೆಯದು 2023ರಿಂದ ಈಚಿನದು. ನಡುವಿನ ವರ್ಷಗಳಲ್ಲಿ ಶ್ರೀಲಂಕಾ ಇದೆ, ಥಾಯ್ಲೆಂಡ್ ಇದೆ, ಕೊಲ್ಲಿಯ ದೇಶಗಳಿವೆ. ಹೆಚ್ಚುಕಡಿಮೆ ನೆರೆಹೊರೆಯವರು. ಸೂರ್ಯನ ಬಗ್ಗೆ ಅಲ್ಪಸ್ವಲ್ಪ ತಿಳಿದವರು ಬಂದು ನೋಡಿದರೆ ನನ್ನ ಗೋಡೆಯ ಮೇಲೆ 23, 24, 25ನೇ ಸೌರಚಕ್ರಗಳ ಏರಿಳಿತ ಕಾಣಿಸೀತು. ನಾನು ಅದರ ಕೆಳಗೆ ಸಹಿ ಹಾಕಿದ್ದೇನೆ, ಅಷ್ಟೇ.

ಇದು ಹೊಸ ಜ್ಞಾನವೇನಲ್ಲ. ಜರ್ಮನಿಯ ಡೆಸ್ಸೌ ಊರಿನ ಔಷಧಿ ವ್ಯಾಪಾರಿ ಸ್ಯಾಮುಯೆಲ್ ಶ್ವಾಬೆ 1826ರಿಂದ ಬಿಸಿಲಿರುವ ದಿನವೆಲ್ಲ ದೂರದರ್ಶಕದಲ್ಲಿ ಸೂರ್ಯನ ಕಲೆಗಳನ್ನು ಎಣಿಸುತ್ತ ಕೂತಿದ್ದ. ಅವನು ಹುಡುಕುತ್ತಿದ್ದದ್ದು ಬುಧನಿಗಿಂತ ಒಳಗೆ ಇರಬಹುದಾದ ಒಂದು ಗ್ರಹವನ್ನು. ಗ್ರಹ ಸಿಗಲಿಲ್ಲ. ಕಲೆಗಳು ಸುಮಾರು ಹತ್ತು ವರ್ಷಕ್ಕೊಮ್ಮೆ ಹೆಚ್ಚಿ ಮತ್ತೆ ಕಡಿಮೆಯಾಗುತ್ತವೆ ಎಂಬುದು ಸಿಕ್ಕಿತು. ಈಗ ಸರಾಸರಿ ಹನ್ನೊಂದು ವರ್ಷ ಎನ್ನುತ್ತೇವೆ.

ಆ ಕಲೆಗಳಿಗೂ ನನ್ನ ತಂತಿಗೂ ಇರುವ ನಂಟು ಅಯಾನುಗೋಳದ್ದು. ನೆಲದಿಂದ ಸುಮಾರು 60 ಕಿಲೋಮೀಟರಿನಿಂದ ಶುರುವಾಗಿ ನೂರಾರು ಕಿಲೋಮೀಟರ್ ಎತ್ತರದವರೆಗೆ ಸೂರ್ಯನ ಅತಿನೇರಳೆ ಕಿರಣ, ಎಕ್ಸ್ ಕಿರಣಗಳು ಗಾಳಿಯ ಕಣಗಳಿಂದ ಎಲೆಕ್ಟ್ರಾನುಗಳನ್ನು ಕಿತ್ತುಹಾಕುತ್ತಿರುತ್ತವೆ. ಮೇಲಿನ ಎಫ್ ಪದರ ಶಾರ್ಟ್‌ವೇವ್ ಅಲೆಗಳನ್ನು ಬಾಗಿಸಿ ಮತ್ತೆ ನೆಲಕ್ಕೆ ಇಳಿಸುತ್ತದೆ. ಸೂರ್ಯನಲ್ಲಿ ಕಲೆ ಹೆಚ್ಚಾದಷ್ಟೂ ಆ ಪದರ ದಟ್ಟವಾಗಿ 28 ಮೆಗಾಹರ್ಟ್ಸ್‌ನಂಥ ಅಲೆಯನ್ನೂ ತಿರುಗಿಸಿ ಕಳಿಸುತ್ತದೆ. ಆಗ ನಾವು ಬ್ಯಾಂಡ್ ಓಪನ್ ಆಗಿದೆ ಅನ್ನುತ್ತೇವೆ. ಕಲೆಗಳಿಲ್ಲದ ವರ್ಷಗಳಲ್ಲಿ ಅದೇ ಅಲೆ ಪದರವನ್ನು ತೂರಿ ಬಾಹ್ಯಾಕಾಶಕ್ಕೆ ಹೋಗಿಬಿಡುತ್ತದೆ. ಕೆಳಗಿನ ಡಿ ಪದರದ ಸ್ವಭಾವವೇ ಬೇರೆ. ಅದು ಹಗಲಲ್ಲಿ ಹುಟ್ಟಿ, 3.5, 7 ಮೆಗಾಹರ್ಟ್ಸ್‌ನ ಅಲೆಗಳನ್ನು ನುಂಗಿ, ರಾತ್ರಿ ಮರೆಯಾಗುತ್ತದೆ.

ಇದರ ಮೇಲೆ ನನ್ನ ಊರಿನ ಪುಣ್ಯ ಬೇರೆ. ಭೂಮಿಯ ಕಾಂತೀಯ ಸಮಭಾಜಕ ದಕ್ಷಿಣ ಭಾರತದ ತುದಿಯಲ್ಲೇ ಹಾಯುತ್ತದೆ. 1963ರಲ್ಲಿ ರಾಕೆಟ್ ಹಾರಿಸಲು ತುಂಬಾ ಎಂಬ ಮೀನುಗಾರರ ಹಳ್ಳಿಯನ್ನು ಆರಿಸಿದ್ದೂ ಇದೇ ಕಾರಣಕ್ಕೆ. ಈ ರೇಖೆಯ ಎರಡೂ ಬದಿಯಲ್ಲಿ ಎಫ್ ಪದರ ಬೇರೆಡೆಗಿಂತ ದಟ್ಟ. ಉತ್ತರ ಯುರೋಪಿನ ಹ್ಯಾಮ್ 28 ಮೆಗಾಹರ್ಟ್ಸ್ ಯಾವಾಗ ತೆರೆದೀತೋ ಎಂದು ಕಾಯುತ್ತಿರುವಾಗ ಮೈಸೂರಿನಲ್ಲಿ ಕೂತ ನನಗೆ ಅದು ಎಷ್ಟೋ ಸಲ ತೆರೆದೇ ಇರುತ್ತದೆ. ಸೂರ್ಯನ ಸ್ಫೋಟದಿಂದ ಭೂಮಿಯ ಕಾಂತಕ್ಷೇತ್ರ ಕದಡಿ ಕಾಂತ ಬಿರುಗಾಳಿ ಎದ್ದರೆ ಧ್ರುವದ ಹತ್ತಿರದವರ ರೇಡಿಯೊ ದಿನಗಟ್ಟಲೆ ಬಾಯಿ ಮುಚ್ಚುತ್ತದೆ. ನನಗೆ ಅಮೆರಿಕ ತಪ್ಪಿಹೋಗುತ್ತದೆ ನಿಜ, ಏಕೆಂದರೆ ಇಲ್ಲಿಂದ ಅಲ್ಲಿಗೆ ಹೋಗುವ ಹತ್ತಿರದ ದಾರಿ ಉತ್ತರ ಧ್ರುವದ ಕಡೆಯಿಂದಲೇ. ದಕ್ಷಿಣದ ದಾರಿಗಳಿಗೆ ಅಷ್ಟು ಪೆಟ್ಟಿಲ್ಲ. ಸಂಜೆಯಾದ ಮೇಲೆ ನಮ್ಮ ತಲೆ ಮೇಲಿನ ಪದರ ಕದಡಿ ದನಿಗಳು ನಡುಗುವುದು ಇಲ್ಲಿ ಹುಟ್ಟಿದ್ದಕ್ಕೆ ಕೊಡುವ ಸುಂಕ. ಒಟ್ಟು ಲೆಕ್ಕದಲ್ಲಿ ಲಾಭವೇ. ಆ ಲಾಭವನ್ನೂ ನಾನು ಆಂಟೆನಾದ ಖಾತೆಗೆ ಜಮಾ ಮಾಡಿಕೊಂಡಿದ್ದೇನೆ.

ನನ್ನ ಸ್ವಭಾವದ ಬುಡ ಇರುವುದು ಇಲ್ಲಿ. ಮಳೆ ಚೆನ್ನಾಗಿ ಹಿಡಿದ ವರ್ಷ ಬೆಳೆ ಬಂದರೆ ತನ್ನ ಕೈಗುಣ, ಬಾರದಿದ್ದರೆ ಮಳೆರಾಯನ ತಪ್ಪು ಎನ್ನುವ ರೈತ ನಾನು. ರೈತರು ಹಾಗೆ ಹೇಳುವುದನ್ನು ನಾನು ಕೇಳಿಲ್ಲ. ನನ್ನಂಥವರು ಹೇಳುವುದನ್ನು ಬೇಕಾದಷ್ಟು ಕೇಳಿದ್ದೇನೆ. 2008, 2009ರಲ್ಲಿ ವರ್ಷದ ಬಹುಪಾಲು ದಿನ ಸೂರ್ಯನ ಮುಖದ ಮೇಲೆ ಒಂದೂ ಕಲೆ ಇರಲಿಲ್ಲ. ರಿಗ್ಗಿನ ಮೇಲೆ ಬಟ್ಟೆ ಹೊದಿಸಿ, ಸಿಕ್ಕಿದವರ ಹತ್ತಿರವೆಲ್ಲ "ಕಂಡಿಷನ್ ಚೆನ್ನಾಗಿಲ್ಲ" ಎಂದು ಹೇಳಿಕೊಂಡು ಓಡಾಡಿದೆ. ಆಗ ನಮ್ಮ ನಡುವೆ ತೀರ್ಥಹಳ್ಳಿ ಕಡೆಯ ಹಿರಿಯರೊಬ್ಬರಿದ್ದರು. ಸಂಜೆಯಾದರೆ 7 ಮೆಗಾಹರ್ಟ್ಸ್‌ನಲ್ಲಿ ಮೋರ್ಸ್ ಕೀ ಹಿಡಿದು ಕೂರುತ್ತಿದ್ದರು. ಸೂರ್ಯ ತಣ್ಣಗಿದ್ದಾಗ ಕೆಳಗಿನ ಬ್ಯಾಂಡ್‌ಗಳು ರಾತ್ರಿ ಹೊತ್ತು ಇನ್ನಷ್ಟು ಚೆನ್ನಾಗಿರುತ್ತವೆಂದು ಅವರಿಗೆ ಗೊತ್ತಿತ್ತು. ಪುಸ್ತಕದಲ್ಲಿ ಓದಿ ನನಗೂ ಗೊತ್ತಿತ್ತು. ಸೂರ್ಯ ಕೈಕೊಟ್ಟ ಸಾರ್ ಎಂದು ನಾನು ಗೊಣಗಿದಾಗ ಅವರು, "ಸೂರ್ಯ ಎಲ್ಲಿಗೂ ಹೋಗಲಿಲ್ಲ ಮಾರಾಯ, ಹೋದದ್ದು ನೀನು" ಅಂದರು. ನಕ್ಕೆ. ಮನೆಗೆ ಬಂದ ಮೇಲೂ ಬಟ್ಟೆ ತೆಗೆಯಲಿಲ್ಲ. ಕೇಳಿದ ಮಾತು ಸರಿ ಎಂದು ಒಪ್ಪಿಕೊಳ್ಳುವುದಕ್ಕೂ ಅದರಂತೆ ನಡೆಯುವುದಕ್ಕೂ ನಡುವೆ ನನ್ನಲ್ಲಿ ಸಾಮಾನ್ಯವಾಗಿ ಒಂದು ಸೌರಚಕ್ರ ಹಿಡಿಯುತ್ತದೆ.

ದೂರು ಹೇಳಲು ದೂರದವರು ಸಿಕ್ಕರೆ ಎಷ್ಟು ಹಾಯಾಗಿರುತ್ತದೆ ಎಂದು ಯೋಚಿಸಿದಾಗ ಎರಡು ಹಳೆಯ ಘಟನೆಗಳು ನೆನಪಾಗುತ್ತವೆ. 1942ರ ಫೆಬ್ರವರಿಯಲ್ಲಿ ಬ್ರಿಟಿಷ್ ಸೇನೆಯ ರಾಡಾರ್‌ಗಳಲ್ಲಿ ಗದ್ದಲ ತುಂಬಿತು. ಜರ್ಮನರೇ ಜ್ಯಾಮ್ ಮಾಡುತ್ತಿದ್ದಾರೆಂದು ಅನುಮಾನ. ವಿಚಾರಣೆಗೆ ಕೂತ ಜೇಮ್ಸ್ ಹೇ ನೋಡಿದರೆ ಗದ್ದಲ ಬರುತ್ತಿದ್ದದ್ದು ಸೂರ್ಯನ ದಿಕ್ಕಿನಿಂದ. ದೊಡ್ಡ ಕಲೆಯೊಂದು ಆಗ ನಮ್ಮತ್ತ ಮುಖ ಮಾಡಿತ್ತು. 1967ರ ಮೇ ತಿಂಗಳಲ್ಲಿ, ಕ್ಷಿಪಣಿಗಳ ಮೇಲೆ ಕಣ್ಣಿಡುವ ಅಮೆರಿಕದ ರಾಡಾರ್‌ಗಳಿಗೂ ಇದೇ ಗತಿಯಾಯಿತು. ಸೋವಿಯತ್ ಒಕ್ಕೂಟದ ಕೈವಾಡ ಎಂದು ಯುದ್ಧದ ಅಂಚಿಗೆ ಹೋಗುವ ಮೊದಲು ವಾಯುಪಡೆಯಲ್ಲೇ ಇದ್ದ ಸೌರ ಮುನ್ಸೂಚಕರು ಇದು ಸೂರ್ಯನ ಕೆಲಸ ಎಂದು ತಿಳಿಸಿದರು. ಅವರೆಲ್ಲ ಸೂರ್ಯ ಮಾಡಿದ್ದನ್ನು ಶತ್ರುವಿನ ತಲೆಗೆ ಕಟ್ಟಿದರು. ನಾನು ಮನೆಯದನ್ನು ಸೂರ್ಯನ ತಲೆಗೆ ಕಟ್ಟುತ್ತೇನೆ. ನನ್ನ ರಿಸೀವರಿನ ಗದ್ದಲದಲ್ಲಿ ಮುಕ್ಕಾಲು ಪಾಲು ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್, ಯುಪಿಎಸ್‌ಗಳದು. ಮೇನ್ ಸ್ವಿಚ್ ಆರಿಸಿ ಬ್ಯಾಟರಿ ಮೇಲೆ ಕೇಳಿದರೆ ಸತ್ತಿದೆ ಎಂದುಕೊಂಡ ಬ್ಯಾಂಡಿನಲ್ಲಿ ದನಿಗಳು ಏಳುತ್ತವೆ. ಆದರೆ ಮೇನ್ ಸ್ವಿಚ್ ಆರಿಸಬೇಕಾದರೆ ಹೆಂಡತಿಯ ಧಾರಾವಾಹಿ ನಿಲ್ಲಬೇಕು. ಸೂರ್ಯನನ್ನು ಬೈದರೆ ಮನೆಯಲ್ಲಿ ಯಾರಿಗೂ ನೋವಾಗುವುದಿಲ್ಲ.

ಅಂದ ಹಾಗೆ, ಸೂರ್ಯನ ಗದ್ದಲ ಎಲ್ಲರಿಗೂ ಗದ್ದಲವಲ್ಲ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರು ಗೌರಿಬಿದನೂರಿನ ಬಯಲಿನಲ್ಲಿ ಆಂಟೆನಾಗಳ ಸಾಲು ನೆಟ್ಟು ಅದನ್ನೇ ಕೇಳುತ್ತಾರೆ. ನಾನು ವಾಲ್ಯೂಮ್ ಇಳಿಸುವ ಹೊತ್ತಿಗೆ ಅವರು ಬರೆದುಕೊಳ್ಳುತ್ತಿರುತ್ತಾರೆ.

ನನ್ನಲ್ಲಿ ಇನ್ನೂ ಒಂದು ಚಟವಿದೆ. ರಿಗ್ ಆನ್ ಮಾಡುವ ಮೊದಲು ಫೋನಿನಲ್ಲಿ ಸಂಖ್ಯೆ ನೋಡುವುದು. ಕೆನಡಾದ ಪೆಂಟಿಕ್ಟನ್‌ನಲ್ಲಿ 10.7 ಸೆಂಟಿಮೀಟರ್ ತರಂಗದಲ್ಲಿ ಅಳೆಯುವ ಸೌರ ಫ್ಲಕ್ಸ್ ಎಷ್ಟು, ಭೂಕಾಂತದ ಕದಡಿಕೆ ಹೇಳುವ ಕೆ ಸೂಚ್ಯಂಕ ಎಷ್ಟು. ಫ್ಲಕ್ಸ್ 70ರ ಆಸುಪಾಸಿದ್ದರೆ ಕುರ್ಚಿಯಲ್ಲೇ ಕೂರುವುದಿಲ್ಲ. 200 ದಾಟಿದ್ದರೆ ಊಟಕ್ಕೂ ಏಳುವುದಿಲ್ಲ. ಇದು ವಿಜ್ಞಾನವೆಂದು ನಂಬಿದ್ದೆ. ಪ್ರಪಂಚದ ತುಂಬ ನನ್ನಂಥವರು ಅದೇ ಸಂಖ್ಯೆ ನೋಡಿ, ಅದೇ ತೀರ್ಮಾನಕ್ಕೆ ಬಂದು, ಮೈಕ್ ಮುಟ್ಟದೆ ಬರೀ ಕೇಳುತ್ತ ಕೂತರೆ ಬ್ಯಾಂಡ್ ಮೌನವಾಗಿರದೆ ಇನ್ನೇನಾದೀತು? ಸೂರ್ಯ ಬಾಗಿಲು ತೆರೆದಿಟ್ಟಿದ್ದರೂ ಒಳಗೆ ಬರುವವರಿಲ್ಲ. ಇದು ಊಹೆಯಲ್ಲ. ಭೌತಶಾಸ್ತ್ರಕ್ಕೆ 1993ರಲ್ಲಿ ನೊಬೆಲ್ ಪಡೆದ, ಸ್ವತಃ ಹ್ಯಾಮ್ ಆಗಿರುವ ಜೋ ಟೇಲರ್ ಮತ್ತು ಸ್ಟೀವ್ ಫ್ರಾಂಕೆ 2017ರಲ್ಲಿ ಎಫ್‌ಟಿ8 ಎಂಬ ಡಿಜಿಟಲ್ ವಿಧಾನವನ್ನು ಹೊರತಂದರು. ಕಿವಿಗೆ ಕೇಳಿಸದ, ಗದ್ದಲದ ಅಡಿಯಲ್ಲಿ ಹೂತುಹೋದ ಸಂಕೇತವನ್ನೂ ಕಂಪ್ಯೂಟರ್ ಎತ್ತಿ ತೋರಿಸುತ್ತದೆ. ಮುಂದಿನೆರಡು ವರ್ಷ ಸೂರ್ಯ ತಳ ಮುಟ್ಟುತ್ತಿದ್ದಾಗಲೇ, ಮುಚ್ಚಿವೆ ಎಂದು ಎಲ್ಲರೂ ನಂಬಿದ್ದ ಬ್ಯಾಂಡ್‌ಗಳಲ್ಲಿ ಪರದೆಯ ತುಂಬ ಕಾಲ್‌ಸೈನ್‌ಗಳು, ಹ್ಯಾಮ್‌ಗಳ ಗುರುತಿನ ಹೆಸರುಗಳು, ಬಂದವು.

ನನಗೆ ಸಂತೋಷವಾಗಬೇಕಿತ್ತು. ಮೊದಲು ಮುಜುಗರವಾಯಿತು, ಆಮೇಲೆ ದುರಾಸೆ ಹುಟ್ಟಿತು. ಹದಿನೈದು ಸೆಕೆಂಡಿಗೊಂದು ಸರದಿ: ಕಾಲ್‌ಸೈನ್, ಊರಿನ ಚೌಕದ ಸಂಖ್ಯೆ, ಸಿಗ್ನಲ್ ವರದಿ, ಶುಭ ಕೋರುವ ಸೆವೆಂಟಿ ಥ್ರೀ. ಒಂದು ಕ್ಲಿಕ್ಕಿಗೆ ಒಂದು ದೇಶ. 2024ರ ಭರಾಟೆಯಲ್ಲಿ ನಾನು ಲಾಗ್ ಮಾಡಿದ ಎಷ್ಟೋ ದೇಶಗಳ ಜನರ ದನಿ ಗಂಡೋ ಹೆಣ್ಣೋ ಎಂಬುದೂ ನನಗೆ ಗೊತ್ತಿಲ್ಲ. ಅಲೆಯನ್ನು ಬಾಗಿಸಿದ್ದು ಸೂರ್ಯ, ಓದಿದ್ದು ಕಂಪ್ಯೂಟರ್. ನಾನು ಮಾಡಿದ್ದು ನಿದ್ದೆಗೆಟ್ಟದ್ದು. ದನಿಯಲ್ಲಿ ಮಾತಾಡಿದಾಗಲಾದರೂ ಏನು ಮಾತಾಡಿದೆ? "ಫೈವ್ ನೈನ್, ಥ್ಯಾಂಕ್ಯೂ, ನೆಕ್ಸ್ಟ್." ಸೈಬೀರಿಯಾದ ಒಬ್ಬರು ತಮ್ಮ ಊರಿನ ಹಿಮದ ಬಗ್ಗೆ ಹೇಳಲು ಶುರುಮಾಡಿದಾಗ ನನ್ನ ಬೆರಳು ಮುಂದಿನ ಫ್ರೀಕ್ವೆನ್ಸಿಯ ಕಡೆ ಹೊರಟಿತ್ತು. ಮನುಷ್ಯರ ಆಸೆಯಿಂದ ಈ ಹವ್ಯಾಸಕ್ಕೆ ಬಂದೆನೋ, ದೂರದ ಆಸೆಯಿಂದಲೋ ಎಂದು ಕೇಳಿಕೊಂಡರೆ ಉತ್ತರ ಹಿತವಾಗಿಲ್ಲ. ದೂರದ ಆಸೆಯಿಂದಲೇ.

ಬಿರುಗಾಳಿಯ ಬಗೆಗಿನ ನನ್ನ ಹುಮ್ಮಸ್ಸನ್ನೂ ಹೇಳಿಬಿಡುತ್ತೇನೆ. 2024ರ ಮೇ 10ರ ರಾತ್ರಿ, 2003ರ ನಂತರದ ಅತಿ ದೊಡ್ಡ ಕಾಂತ ಬಿರುಗಾಳಿ ಭೂಮಿಗೆ ಬಡಿಯಿತು. ಕೆ ಸೂಚ್ಯಂಕ 9, ಅದರ ಮೇಲೆ ಅಂಕಿಯೇ ಇಲ್ಲ. ಲಡಾಖಿನ ಹಾನ್ಲೆಯಲ್ಲಿ ಆಕಾಶ ಕೆಂಪಾಯಿತು. ಮರುದಿನ ಬೆಳಗ್ಗೆ ಏಳರ ಸುಮಾರಿಗೆ, ಬಿರುಗಾಳಿ ಎಬ್ಬಿಸಿದ ಅದೇ ಕಲೆಗಳ ಗುಂಪಿನಿಂದ ಎಕ್ಸ್ 5.8ರ ಸೌರಜ್ವಾಲೆ. ಜ್ವಾಲೆಯ ಎಕ್ಸ್ ಕಿರಣ ಎಂಟು ನಿಮಿಷಕ್ಕೆ ಇಲ್ಲಿ ಮುಟ್ಟಿ ಡಿ ಪದರವನ್ನು ದಪ್ಪಗೆ ಮಾಡುತ್ತದೆ, ಹಗಲಿರುವ ಕಡೆಯೆಲ್ಲ ಶಾರ್ಟ್‌ವೇವ್ ಉಡುಗುತ್ತದೆ. ನಾನು ಕ್ರಿಕೆಟ್ ಸ್ಕೋರ್ ನೋಡುವವನ ಹಾಗೆ ಫೋನ್ ಉಜ್ಜುತ್ತಿದ್ದೆ. ಜ್ವಾಲೆ ಎಕ್ಸ್ ಹತ್ತಾಗಲಿ, ಇನ್ನೂ ಏರಲಿ ಎಂಬ ಹಂಬಲ. ಸೂರ್ಯನ ಮೇಲೆ ಕಣ್ಣಿಟ್ಟಿರುವ ನಮ್ಮ ನೌಕೆ ಆದಿತ್ಯ-ಎಲ್1 ಆ ಹೊತ್ತಿಗೆ 15 ಲಕ್ಷ ಕಿಲೋಮೀಟರ್ ದೂರದ ತನ್ನ ಜಾಗದಲ್ಲಿತ್ತು. ಅದರ ಮುಖ್ಯ ಉಪಕರಣ ಸಿದ್ಧವಾದದ್ದು ನಮ್ಮ ಹೊಸಕೋಟೆಯಲ್ಲಿ ಎಂದು ನಾಲ್ಕು ಜನಕ್ಕೆ ಸಂದೇಶ ಕಳಿಸಿ, ಅದರಲ್ಲೂ ಒಂದು ಪಾಲು ಹೆಮ್ಮೆ ಕಿತ್ತುಕೊಂಡೆ.

ಅದೇ ಬಾಯಲ್ಲಿ ನಾನು ಶಾಲೆಗಳಿಗೆ ಹೋಗಿ, ವಿಪತ್ತಿನಲ್ಲಿ ಕೊನೆಗೆ ಉಳಿಯುವುದು ಹ್ಯಾಮ್ ರೇಡಿಯೊ ಎಂದು ಭಾಷಣ ಮಾಡುತ್ತೇನೆ. 2004ರ ಸುನಾಮಿಯ ಹೊತ್ತಿಗೆ ಭಾರತಿ ಪ್ರಸಾದ್ ಅವರ ತಂಡ ಅಂಡಮಾನಿನಲ್ಲಿ ಹವ್ಯಾಸಿ ಪ್ರಸಾರಕ್ಕೆಂದು ಹೋಗಿತ್ತು. ಅವರು ಆ ಕೆಲಸ ಬಿಟ್ಟು ಪೋರ್ಟ್ ಬ್ಲೇರಿನಿಂದ ಸುದ್ದಿ ಮುಟ್ಟಿಸಿದ್ದನ್ನು ಹೇಳುವಾಗ ನನ್ನ ಗಂಟಲು ಕಟ್ಟುತ್ತದೆ, ನಾನೇ ಅಲ್ಲಿದ್ದೆನೋ ಎಂಬಂತೆ. 2017ರ ಸೆಪ್ಟೆಂಬರಿನದನ್ನು ಹೇಳುವುದಿಲ್ಲ. ಇರ್ಮಾ ಚಂಡಮಾರುತ ಕೆರಿಬಿಯನ್ ದ್ವೀಪಗಳನ್ನು ಅಪ್ಪಳಿಸುತ್ತಿದ್ದ 6ನೇ ತಾರೀಖಿನಂದೇ ಎಕ್ಸ್ 9.3ರ ಜ್ವಾಲೆ ಎದ್ದು, ಹವ್ಯಾಸಿಗಳು ನಡೆಸುತ್ತಿದ್ದ ಚಂಡಮಾರುತ ಜಾಲದ ಶಾರ್ಟ್‌ವೇವ್ ಸಂಪರ್ಕ ಕಡಿಯಿತು. ದ್ವೀಪದವರಿಗೆ ರೇಡಿಯೊ ಬೇಕಾಗಿದ್ದ ಗಂಟೆಯಲ್ಲೇ ರೇಡಿಯೊ ಇರಲಿಲ್ಲ. ಅಂದು ನಾನು ಜ್ವಾಲೆಯ ಚಿತ್ರ ನೋಡಿ ಖುಷಿಪಟ್ಟವರಲ್ಲಿ ಒಬ್ಬ. ಚಂಡಮಾರುತದ ಸುದ್ದಿಯೂ ಅದೇ ಫೋನಿನಲ್ಲಿತ್ತು. ಎರಡನ್ನೂ ಸೇರಿಸಿ ಓದಲಿಲ್ಲ.

ಅಮ್ಮ ರಥಸಪ್ತಮಿಯಂದು ತಲೆ, ಭುಜದ ಮೇಲೆ ಎಕ್ಕದೆಲೆ ಇಟ್ಟು ನೀರು ಹುಯ್ಯುವಾಗ ನಾನು ಅಯಾನುಗೋಳದ ಹೆಸರೂ ಕೇಳಿರಲಿಲ್ಲ. ಆದರೂ ಸೂರ್ಯನಿಂದ ಪಡೆದಿದ್ದೇನೆ ಎಂಬ ಎಚ್ಚರ ಆ ಒಂದು ಬೆಳಗ್ಗೆಯಾದರೂ ಇರುತ್ತಿತ್ತು. ವಿಷಯ ತಿಳಿದ ಮೇಲೆ ಎಚ್ಚರ ಹೆಚ್ಚಬೇಕಿತ್ತು. ಹೆಚ್ಚಿದ್ದು ಲಾಗ್‌ಬುಕ್ಕಿನ ಪುಟಗಳು ಮಾತ್ರ.

25ನೇ ಸೌರಚಕ್ರ 2024ರ ಅಕ್ಟೋಬರಿನಲ್ಲಿ ಶಿಖರ ಮುಟ್ಟಿ ಈಗ ಇಳಿಯುತ್ತಿದೆ. 2030ರ ಆಸುಪಾಸಿನಲ್ಲಿ ತಳ ಕಾಣಬಹುದು. ಈ ಎರಡು ಮೂರು ವರ್ಷದಲ್ಲಿ ಪರೀಕ್ಷೆ ಪಾಸಾಗಿ ಹೊಸ ವಿಯು3 ಕಾಲ್‌ಸೈನ್ ಪಡೆದವರು, 28 ಮೆಗಾಹರ್ಟ್ಸ್‌ನಲ್ಲಿ ಐದು ವ್ಯಾಟಿಗೇ ಯುರೋಪ್ ಸಿಗುವುದೇ ರೂಢಿ ಎಂದುಕೊಂಡವರು, ಆಗ ರೇಡಿಯೊ ಮಾರಲು ಹೊರಡುತ್ತಾರೆ. 2009ರಲ್ಲಿ ನಾನೂ ಬೆಲೆ ಕೇಳಿಕೊಂಡು ಬಂದವನೇ. ದಯವಿಟ್ಟು ಮಾರಬೇಡಿ. ಈಗಲೇ 7 ಮೆಗಾಹರ್ಟ್ಸ್‌ಗೆ ಒಂದು ಡೈಪೋಲ್ ಆಂಟೆನಾ ಕಟ್ಟಿಕೊಳ್ಳಿ, ಎರಡು ಕಡೆಗೂ ಹತ್ತತ್ತು ಮೀಟರ್ ತಂತಿ ಸಾಕು. ಫೋನಿನ ಅಂಕಿ ಏನೇ ಹೇಳಲಿ, ಬ್ಯಾಂಡ್ ಸತ್ತಿದೆ ಎನ್ನುವ ಮೊದಲು ಒಂದು ಸಲ ಸಿಕ್ಯೂ ಎಂದು ಎಲ್ಲರನ್ನೂ ಕರೆಯಿರಿ. ಯಾರಾದರೂ ಉತ್ತರಿಸಿದರೆ ಸಿಗ್ನಲ್ ವರದಿ ಕೊಟ್ಟ ಮೇಲೆ ಅವರ ಊರಿನಲ್ಲಿ ಮಳೆಯಾಯಿತೇ ಎಂದು ಕೇಳಿ.