ಎರಡು ಖಾನೆಯ ಜೋಳಿಗೆ

ಚಿಕ್ಕಬಳ್ಳಾಪುರದ ಸಿ.ಎಸ್.ಐ. ಆಸ್ಪತ್ರೆಗೆ ನಾನು ಹೋದದ್ದು ಕಾಯಿಲೆಗಲ್ಲ, ಒಂದು ಹೆಸರಿಗಾಗಿ. ಲಂಡನ್ ಮಿಷನ್ನಿನವರು ಈ ಆಸ್ಪತ್ರೆಗೆ ಇಟ್ಟ ಹೆಸರು ರಾಲ್ಫ್ ವಾರ್ಡ್ಲಾ ಥಾಂಪ್ಸನ್ ಅವರದು. ಯಾರೋ ದೂರದ ದೊರೆ ಇರಬೇಕು ಅಂದುಕೊಂಡಿದ್ದೆ. ನೋಡಿದರೆ ಆತ ಹುಟ್ಟಿದ್ದು ನಮ್ಮ ಬಳ್ಳಾರಿಯಲ್ಲಿ, 1842ರಲ್ಲಿ! ಅಪ್ಪ ವಿಲಿಯಂ ಥಾಂಪ್ಸನ್ ಬಳ್ಳಾರಿಯಲ್ಲಿ ಪಾದ್ರಿಯಾಗಿದ್ದವರು, ಆಮೇಲೆ ಮಿಷನ್ನಿನ ಏಜೆಂಟರಾಗಿ ಆಫ್ರಿಕಾದ ಕೇಪ್‌ಟೌನ್‌ಗೆ ಹೊರಟುಹೋದರು. ಬಳ್ಳಾರಿಯ ಬಿಸಿಲಲ್ಲಿ ಕಣ್ಣು ಬಿಟ್ಟ ಹುಡುಗ ಬೆಳೆದದ್ದು, ಓದಿದ್ದು ಆಫ್ರಿಕಾದ ತುದಿಯಲ್ಲಿ. ಮುಂದೆ 1881ರಿಂದ 1914ರವರೆಗೆ ಲಂಡನ್ ಮಿಷನ್ನಿನ ವಿದೇಶ ಕಾರ್ಯದರ್ಶಿ. ಆಫ್ರಿಕಾ, ಇಂಡಿಯಾ, ಚೀನಾ ಎಲ್ಲ ಕಡೆಯ ಪಾದ್ರಿಗಳ ಕಾಗದ ಬಂದು ಬೀಳುತ್ತಿದ್ದದ್ದು ಇವರ ಮೇಜಿಗೆ.

ಇದೇ ಮಿಷನ್ನಿನಿಂದ ಹೋಗಿದ್ದ ಡೇವಿಡ್ ಲಿವಿಂಗ್‌ಸ್ಟನ್ ಆಫ್ರಿಕಾದ ಒಳನಾಡಿನಿಂದ ಯಾರಿಗೆಲ್ಲ ಕಾಗದ ಬರೆಯುತ್ತಿದ್ದರೋ ಅವರಲ್ಲಿ ಈ ಹುಡುಗನ ಅಪ್ಪನೂ ಒಬ್ಬರು. ಲಿವಿಂಗ್‌ಸ್ಟನ್ ಸವಾರಿ ಮಾಡುತ್ತಿದ್ದದ್ದು ಕುದುರೆಯ ಮೇಲಲ್ಲ, ಸಿನ್‌ಬಾದ್ ಎಂಬ ಹಟಮಾರಿ ಎತ್ತಿನ ಮೇಲೆ. ಜೊತೆಗೆ ಒಂದು ಮಾಯಾದೀಪದ ಪೆಟ್ಟಿಗೆ. ಗಾಜಿನ ಮೇಲಿನ ಚಿತ್ರವನ್ನು ಬಟ್ಟೆಯ ಮೇಲೆ ದೊಡ್ಡದಾಗಿ ತೋರಿಸುವ ಯಂತ್ರ. 1854ರಲ್ಲಿ ಶಿಂಟೆ ಎಂಬ ನಾಯಕನ ಊರಲ್ಲಿ, ಅಬ್ರಹಾಮ ಮಗನನ್ನು ಬಲಿ ಕೊಡಲು ಕತ್ತಿ ಎತ್ತಿದ ಚಿತ್ರ ತೋರಿಸಿದರಂತೆ. ಗಾಜು ಪಕ್ಕಕ್ಕೆ ಸರಿಸಿದಾಗ ಕತ್ತಿ ತಮ್ಮ ಕಡೆಗೇ ಬಂದಂತೆ ಕಂಡು ಹೆಂಗಸರು 'ಅಮ್ಮಾ' ಎಂದು ಕೂಗಿ ಎದ್ದೋಡಿದರು.

ಈ ಕಥೆಯನ್ನು ನಾನು ಹೇಳಿದಾಗ, ಆಸ್ಪತ್ರೆಯಲ್ಲಿ ಸಿಕ್ಕ ಉಪದೇಶಿ ತಾತ ಬಾಯಿ ತುಂಬ ನಕ್ಕರು. 'ನಮ್ಮಪ್ಪನೂ ಅದೇ ದೀಪ ತೋರಿಸ್ತಿದ್ದ. ಇಲ್ಲಿ ಯಾರೂ ಓಡ್ಲಿಲ್ಲ. ಚಿತ್ರ ಮುಗಿದ ಮೇಲೆ ಬಟ್ಟೆ ಹಿಂದಕ್ಕೆ ಹೋಗಿ ಹುಡುಕ್ತಿದ್ರು, ಬೊಂಬೆಯೋರು ಎಲ್ಲಿ ಕೂತವ್ರೆ ಅಂತ!' ತೊಗಲುಗೊಂಬೆ ನೋಡಿ ಪಳಗಿದ ಸೀಮೆ ಇದು.

ತಾತನಿಗೆ ಎಂಬತ್ತು ದಾಟಿದೆ. ಅವರಪ್ಪನೂ ಉಪದೇಶಿ, ಹಳ್ಳಿ ಸುತ್ತಿ ಸುವಾರ್ತೆ ಸಾರುತ್ತಿದ್ದವರು. ಆ ಹಳೆಯ ಸಂಚಾರದ ದಾರಿ ತೋರಿಸುತ್ತೇನೆಂದು ನನ್ನನ್ನು ಚಿಂತಾಮಣಿ ಕಡೆಯ ರೈಲು ಹತ್ತಿಸಿದರು. 1915ರ ಸುಮಾರಿಗೆ ಇಲ್ಲಿ ಓಡುತ್ತಿದ್ದದ್ದು ನ್ಯಾರೋಗೇಜ್ ಗಾಡಿ. ಅದಕ್ಕೂ ಮುಂಚೆ ಎತ್ತಿನ ಗಾಡಿಯೇ ಗತಿ. ಸುಗ್ಗಿ ಮುಗಿದು ಚಳಿ ಬಿದ್ದಮೇಲೆ ಹೊರಟರೆ ಡೇರೆ, ಪಾತ್ರೆ, ಪುಸ್ತಕದ ಗಂಟು, ಎತ್ತಿಗೆ ಹುಲ್ಲು, ಎಲ್ಲ ಒಂದೇ ಗಾಡಿಯಲ್ಲಿ.

ಸಾರುವುದಕ್ಕೆ ಎಷ್ಟು ಹೊತ್ತು ಹಿಡಿಯುತ್ತಿತ್ತು ಎಂದು ಕೇಳಿದೆ. 'ಅರ್ಧ ಗಂಟೆ. ಮಿಕ್ಕಿದ್ದೆಲ್ಲ ನೀರು ಹುಡುಕೋದು.' ವರ್ಷವಿಡೀ ಹರಿಯುವ ನದಿಯಿಲ್ಲದ ನಾಡು, ಕೆರೆ ಬತ್ತಿದರೆ ಬಾವಿಯೇ ದಿಕ್ಕು. ಯಾವ ಬಾವಿಗೆ ಯಾರು ಇಳಿಯಬಹುದು ಎಂಬುದು ಬೇರೆ ಪಂಚಾಯ್ತಿ. ಕೋಳಿ ಕೂಗುವ ಮೊದಲೇ ಎದ್ದು ನೀರು ತಂದು, ಎತ್ತಿನ ಮೈ ತಿಕ್ಕಿ, ಮೂರು ಕಲ್ಲಿನ ಒಲೆ ಹೂಡಿ ಮುದ್ದೆಗೆ ಎಸರಿಡುವ ಹೊತ್ತಿಗೆ ಬಿಸಿಲು ಬಂದಿರುತ್ತಿತ್ತು. ಮಧ್ಯಾಹ್ನ ಊರಲ್ಲಿ ಯಾರೂ ಸಿಗರು. ಹೊಲದಿಂದ ಜನ ವಾಪಸು ಬಂದು, ಅರಳಿಕಟ್ಟೆಯಲ್ಲಿ ಎಲೆ-ಅಡಿಕೆ ಬಿಚ್ಚಿದ ಮೇಲೆ ತಾಳ ತೆಗೆಯಬೇಕು. ಮೊದಲು ಪದ, ಆಮೇಲೆ ಮಾತು. ಪದ ಚೆನ್ನಾಗಿಲ್ಲದಿದ್ದರೆ ಮಾತಿಗೆ ಯಾರೂ ನಿಲ್ಲುತ್ತಿರಲಿಲ್ಲವಂತೆ. ಒಮ್ಮೆ ಕಟ್ಟೆಯ ಮೇಲಿದ್ದ ಮುದುಕರೊಬ್ಬರು ಕೇಳಿದ್ದರಂತೆ: 'ಏಮಯ್ಯಾ, ನೀ ದೇವುಡು ವಾನ ಕುರಿಪಿಸ್ತಾಡಾ?' ನಿನ್ನ ದೇವರು ಮಳೆ ಸುರಿಸುತ್ತಾನಾ ಅಂತ. 'ನಿಮ್ಮಪ್ಪ ಏನಂದ್ರು?' 'ಏನಂತಾನೆ? ಅವನ ಬಾಯಾರಿಕೆನೇ ತೀರಿರ್ಲಿಲ್ಲ.'

ಶಿಡ್ಲಘಟ್ಟದಲ್ಲಿ ಇಳಿದಾಗ ಗಾಳಿಯಲ್ಲಿ ಬೆಂದ ರೇಷ್ಮೆಹುಳುವಿನ ವಾಸನೆ. ಗೂಡಿನ ಮಾರುಕಟ್ಟೆಯ ಹೊರಗೆ, ಹುಳು ಗೂಡು ಕಟ್ಟುವ ಚಂದ್ರಂಕಿಗಳು ಖಾಲಿಯಾಗಿ ಗೋಡೆಗೆ ಒರಗಿದ್ದವು. ಅಲ್ಲೇ ನೆರಳಲ್ಲಿ ಕೂತು ತಾತ ತಮ್ಮಪ್ಪನ ಜೋಳಿಗೆ ಬಿಚ್ಚಿದರು. ಖಾಕಿ ಬಟ್ಟೆ, ದಬ್ಬಣದ ಹೊಲಿಗೆ, ನಡುವೆ ಒಂದು ಅಡ್ಡಗೋಡೆ. ಬಲಗಡೆ ಕನ್ನಡ ಸುವಾರ್ತೆ, ಎಡಗಡೆ ತೆಲುಗು. ಅಂಗೈಯಷ್ಟಗಲದ ಲೂಕನ ಪುಸ್ತಕವೊಂದು ಉಳಿದಿತ್ತು. ಅಂಚು ಇಲಿ ತಿಂದಿದೆ, ಹಾಳೆಗಳ ನಡುವೆ ರಾಗಿಹಿಟ್ಟು ಗಟ್ಟಿಯಾಗಿ ಕೂತಿದೆ. ಉಗುರಿನಿಂದ ಕೆರೆದು ಮೂಸಿದೆ. ಏನೂ ವಾಸನೆ ಇಲ್ಲ.

'ಯಾವ ಊರಿಗೆ ಯಾವ ಪುಸ್ತಕ ಅಂತ ಹೆಂಗೆ ಗೊತ್ತಾಗ್ತಿತ್ತು ತಾತಾ?'

'ಊರ ಬಾಗಿಲಲ್ಲಿ ನಿಂತು ಕೇಳೋದು. ಎತ್ತನ್ನ ಯಾವ ಭಾಷೇಲಿ ಬೈತಾರೋ ಆ ಭಾಷೆ ಪುಸ್ತಕ ತೆಗೆಯೋದು. ಮನುಷ್ಯರ ಹತ್ರ ಎರಡೂ ಆಡ್ತಾರೆ. ಎತ್ತಿನ ಹತ್ರ ಸುಳ್ಳಿಲ್ಲ.'

ಎಂಥ ಭಾಷಾಶಾಸ್ತ್ರ! ಚಿಕ್ಕಬಳ್ಳಾಪುರದಲ್ಲಿ ಇದೇ ಮಿಷನ್ನಿನ ಪಾದ್ರಿಯಾಗಿದ್ದ ಇ. ಪಿ. ರೈಸ್ ನೆನಪಾದರು. ಶಾಸನಗಳನ್ನು ಸಂಗ್ರಹಿಸಿದ ಬಿ. ಎಲ್. ರೈಸ್ ಅವರ ತಮ್ಮ. ಹಳ್ಳಿ ಹಳ್ಳಿ ಸುತ್ತಿ ಬೈಬಲ್ ಸಾರಬೇಕಾದ ಮನುಷ್ಯ ಪಂಪ, ಬಸವಣ್ಣ, ದಾಸರನ್ನೆಲ್ಲ ಓದಿ ಕನ್ನಡ ಸಾಹಿತ್ಯದ ಚರಿತ್ರೆಯನ್ನೇ ಇಂಗ್ಲಿಷಿನಲ್ಲಿ ಬರೆದರು. 1921ರಲ್ಲಿ ಅದರ ಎರಡನೆಯ ಆವೃತ್ತಿಯೂ ಬಂತು. ಅವರ ತೀರ್ಮಾನಗಳೆಲ್ಲ ನನಗೆ ಒಪ್ಪಿಗೆಯಿಲ್ಲ. ಆದರೆ ಹೇಳಲು ಬಂದವರು ಅಷ್ಟು ಕೇಳಿಸಿಕೊಂಡರಲ್ಲ ಎಂಬ ಬೆರಗು ಹೋಗುವುದಿಲ್ಲ.

ಚಿಂತಾಮಣಿಯಲ್ಲಿ ಮಧ್ಯಾಹ್ನದ ಊಟ, ಮುದ್ದೆ ಮತ್ತು ಹಿತಕಿದವರೆ ಬೇಳೆ ಸಾರು. ಕೈವಾರ ಹತ್ತಿರ ಅಂದೆ. 'ಅಲ್ಲಿ ನಮ್ಮಪ್ಪ ತಾಳ ತೆಗೀತಿರ್ಲಿಲ್ಲ' ಅಂದರು ತಾತ. ಅಲ್ಲಿನ ಸಂತ ಕೈವಾರ ತಾತಯ್ಯನವರ ತತ್ವಪದಗಳು ತೆಲುಗು, ಕನ್ನಡ ಎರಡರಲ್ಲೂ ಇವೆ, ಭಜನೆಯವರು ರಾತ್ರಿಯೆಲ್ಲ ಹಾಡುತ್ತಾರೆ. 'ಅವರ ಮುಂದೆ ನಮ್ಮ ಪದ ಎಲ್ಲಿ ನಿಲ್ಲುತ್ತೆ? ಕೂತು ಕೇಳಿಕೊಂಡು ಎದ್ದು ಬರ್ತಿದ್ದ.'

ಮರುದಿನ ಮಂಚೇನಹಳ್ಳಿ ಮೇಲೆ ಗೌರಿಬಿದನೂರಿಗೆ ಬಸ್ಸು. ಗುಡ್ಡದ ಸಾಲು ಕಳೆದು ಬಯಲು ತೆರೆದಾಗ ತಾತ ಕಿಟಕಿಗೆ ಹಣೆ ಒತ್ತಿ ಕೂತರು. ಅಪ್ಪ ನಡೆದ ದಾರಿಯನ್ನು ಗುರುತು ಹಿಡಿಯಲು ನೋಡುತ್ತಿದ್ದರೇನೋ, ಕಂಡದ್ದು ಮುಸುಕಿನ ಜೋಳದ ಹೊಲ, ಲೇಔಟಿನ ಕಲ್ಲು. ಉತ್ತರ ಪಿನಾಕಿನಿ ಬರೀ ಮರಳು. ಊರಾಚೆ ಒಂದು ಹಳ್ಳಿಯ ಬಾಗಿಲಲ್ಲಿ ಇಳಿದು, ಅಭ್ಯಾಸಬಲವೋ ಏನೋ, ತಾತ ನಿಂತು ಕಿವಿ ಕೊಟ್ಟರು. ಎತ್ತು ಎಲ್ಲೂ ಕಾಣಲಿಲ್ಲ. ಟ್ರಾಕ್ಟರೊಂದು ಸ್ಟಾರ್ಟ್ ಆಗದೆ ಕೆಮ್ಮುತ್ತಿತ್ತು. ಯಜಮಾನರು ಅದನ್ನು ಮೊದಲು ತೆಲುಗಿನಲ್ಲಿ ಬೈದರು, ಆಮೇಲೆ ಕನ್ನಡದಲ್ಲಿ. ಕೊನೆಗೆ ಬಾನೆಟ್ಟಿಗೆ ಒಂದು ಗುದ್ದಿ ಉರ್ದುವಿನಲ್ಲಿ ಶುರುಮಾಡಿದರು.

ತಾತ ಜೋಳಿಗೆ ಮುಟ್ಟಿಕೊಂಡು ನನ್ನ ಕಡೆ ತಿರುಗಿದರು. 'ಇದಕ್ಕೆ ಖಾನೆ ಇಲ್ಲಪ್ಪ' ಅಂದು, ಟ್ರಾಕ್ಟರ್ ತಳ್ಳಲು ಹೋದರು.